ಔಷಧಕ್ಕೆ ಹಣ ಬಂತು, ಉಗ್ರಾಣದವರಿಗೆ ಬರಲಿಲ್ಲ

ಒಂದು ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ಮಾತ್ರೆಗಳು ತಿಂಗಳ 15ನೇ ತಾರೀಕಿಗೇ ಮುಗಿದುಹೋದವು ಎಂದಿಟ್ಟುಕೊಳ್ಳೋಣ. ಅಷ್ಟರಲ್ಲಿ ಖರ್ಚಾದದ್ದು 300 ಸ್ಟ್ರಿಪ್. ಆಮೇಲೆ ಬಂದ ರೋಗಿಗಳೆಲ್ಲ ಬರಿಗೈಯಲ್ಲಿ ಹಿಂದಿರುಗಿದರು. ತಿಂಗಳ ಕೊನೆಗೆ ದಾಸ್ತಾನು ಪುಸ್ತಕ ನೋಡಿ ಇಂಡೆಂಟ್ (ಮುಂದಿನ ತಿಂಗಳ ಬೇಡಿಕೆ ಪತ್ರ) ಬರೆಯುವವರು ‘ಬಳಕೆ 300’ ಎಂದು ನಮೂದಿಸಿದರೆ ಮುಂದಿನ ತಿಂಗಳೂ ಅಷ್ಟೇ ಬರುತ್ತದೆ, ಮತ್ತೆ ಅರ್ಧ ತಿಂಗಳಿಗೇ ಖಾಲಿಯಾಗುತ್ತದೆ. ದಾಸ್ತಾನು ಇಲ್ಲದ ದಿನಗಳನ್ನು ಬಿಟ್ಟು, ಇದ್ದ ದಿನಗಳ ಸರಾಸರಿಯಿಂದ ನಿಜವಾದ ಬೇಡಿಕೆ ಸುಮಾರು 600 ಎಂದು ಕಂಡುಕೊಳ್ಳುವವರಿದ್ದರೆ ಮಾತ್ರ ಈ ಕೊರತೆ ನೀಗೀತು. ಲೆಕ್ಕ ಕಷ್ಟದ್ದೇನಲ್ಲ. ಆದರೆ ಬಹಳಷ್ಟು ಕಡೆ ಅದನ್ನು ಮಾಡಬೇಕಾದವರು ದಿನವಿಡೀ ರೋಗಿಗಳನ್ನು ನೋಡಿ ದಣಿದ ನರ್ಸ್. ಅವರಿಗೆ ಇದನ್ನು ಯಾರೂ ಕಲಿಸಿರುವುದಿಲ್ಲ.

ಈ ಕೆಲಸ ಯಾರದೂ ಅಲ್ಲದಂತಾದದ್ದು ಇಂದು ನಿನ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1974ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮವನ್ನು ಆರಂಭಿಸಿತು, 1977ರಲ್ಲಿ ಮೊದಲ ಅಗತ್ಯ ಔಷಧಗಳ ಪಟ್ಟಿಯನ್ನು ಪ್ರಕಟಿಸಿತು. ಮರುವರ್ಷ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನವೊಂದು ಹೊರಡಿಸಿದ ಆಲ್ಮಾ ಆಟಾ ಘೋಷಣೆಯು ಅಗತ್ಯ ಔಷಧಗಳ ಪೂರೈಕೆಯನ್ನು ಪ್ರಾಥಮಿಕ ಆರೋಗ್ಯ ಸೇವೆಯ ಅಂಗವೆಂದೇ ಸಾರಿತು. ಆದರೆ ಅದೇ ಘೋಷಣೆ ಹೆಸರಿಸಿದ ಸಿಬ್ಬಂದಿಯಲ್ಲಿ ವೈದ್ಯರು, ನರ್ಸ್‌ಗಳು, ಸೂಲಗಿತ್ತಿಯರು, ಸಹಾಯಕರು, ಸಮುದಾಯ ಕಾರ್ಯಕರ್ತರು ಇದ್ದರೇ ಹೊರತು ಉಗ್ರಾಣ ನೋಡಿಕೊಳ್ಳುವವರ ಹೆಸರಿರಲಿಲ್ಲ.

2000ದಲ್ಲಿ ಲಸಿಕೆಗಳಿಗೆ ನೆರವಾಗುವ ಗಾವಿ, 2002ರಲ್ಲಿ ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧದ ಗ್ಲೋಬಲ್ ಫಂಡ್, 2003ರಲ್ಲಿ ಅಮೆರಿಕದ ಏಡ್ಸ್ ನೆರವು ಯೋಜನೆಯಾದ ಪೆಪ್‌ಫಾರ್ ಬಂದ ಮೇಲೆ ಬಡ ದೇಶಗಳಿಗೆ ಹರಿದುಬಂದ ಲಸಿಕೆ ಮತ್ತು ಔಷಧಗಳ ಪ್ರಮಾಣ ಹಿಂದೆಂದೂ ಕಾಣದಷ್ಟು ಹೆಚ್ಚಿತು. ಅದನ್ನು ನಿಭಾಯಿಸಲು ಎಷ್ಟೋ ಕಡೆ ಯೋಜನೆಯ ಹಣದಲ್ಲೇ ಬೇರೆ ಸಿಬ್ಬಂದಿಯನ್ನು ನೇಮಿಸಿಕೊಳ್ಳಲಾಯಿತು. ಯೋಜನೆ ಮುಗಿದಾಗ ಅವರೊಂದಿಗೆ ಅವರ ಅನುಭವವೂ ಹೊರನಡೆಯಿತು. 2006ರ ವಿಶ್ವ ಆರೋಗ್ಯ ವರದಿ 57 ದೇಶಗಳಲ್ಲಿ ಆರೋಗ್ಯ ಸಿಬ್ಬಂದಿಯ ತೀವ್ರ ಕೊರತೆಯಿದೆ ಎಂದು ಎಚ್ಚರಿಸಿತಾದರೂ, ಆ ಕೊರತೆಯನ್ನು ಅಳೆದದ್ದು ವೈದ್ಯರು, ನರ್ಸ್‌ಗಳು ಮತ್ತು ಸೂಲಗಿತ್ತಿಯರ ಸಂಖ್ಯೆಯಿಂದಲೇ.

ಪೂರೈಕೆಯ ಕೆಲಸಗಾರರನ್ನೇ ಮುಖ್ಯವಾಗಿಟ್ಟುಕೊಂಡ ಜಾಗತಿಕ ಪ್ರಯತ್ನವಾಗಿ ‘ಪೀಪಲ್ ದಟ್ ಡೆಲಿವರ್’ ಹುಟ್ಟಿದ್ದು 2011ರಲ್ಲಿ. ಸಾಕಷ್ಟು ಸಿಬ್ಬಂದಿ, ಕೌಶಲ, ಕೆಲಸದ ಪರಿಸ್ಥಿತಿ, ಪ್ರೇರಣೆ ಈ ನಾಲ್ಕೂ ಒಟ್ಟಿಗೆ ಬೇಕೆಂಬುದು ಅದರ ನಿಲುವು. ನನ್ನ ದೃಷ್ಟಿಯಲ್ಲಿ ಇದು ಬಹಳ ಮುಖ್ಯವಾದ ತಿದ್ದುಪಡಿ, ಏಕೆಂದರೆ ಅದುವರೆಗೆ ಸಮಸ್ಯೆಗೆಲ್ಲ ಮೂರು ದಿನದ ತರಬೇತಿ ಶಿಬಿರವೇ ಮದ್ದೆಂಬ ನಂಬಿಕೆ ಬೇರೂರಿತ್ತು. ಸೆನೆಗಲ್ 2012ರಲ್ಲಿ ಗರ್ಭನಿರೋಧಕಗಳ ವಿತರಣೆಗೆ ಬೇರೆ ದಾರಿ ಹಿಡಿಯಿತು: ಸಾಗಣೆಯೇ ಕಸುಬಾದವರು ವಾಹನದಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ಹೋಗಿ, ಉಳಿದದ್ದನ್ನು ಎಣಿಸಿ, ಬೇಕಾದಷ್ಟನ್ನು ಅಲ್ಲೇ ತುಂಬಿಸಿ ಬರತೊಡಗಿದರು. ಪದೇ ಪದೇ ಖಾಲಿಯಾಗುತ್ತಿದ್ದ ಕಪಾಟುಗಳಲ್ಲಿ ಕೊರತೆ ಗಣನೀಯವಾಗಿ ತಗ್ಗಿತು, ನರ್ಸ್‌ಗಳ ಹೆಗಲಿನಿಂದ ಇಂಡೆಂಟಿನ ಭಾರವೂ ಇಳಿಯಿತು.

ಉಪಕರಣ ಕೊಂಡರೆ ಈ ಕೊರತೆ ತುಂಬುವುದಿಲ್ಲ ಎಂಬುದಕ್ಕೆ ಲಸಿಕೆಯ ಬಾಟಲಿಯೇ ಸಾಕ್ಷಿ. 1996ರಿಂದ ಬಳಕೆಗೆ ಬಂದ, ಬಣ್ಣ ಬದಲಿಸುವ ಪುಟ್ಟ ಗುರುತು ಲಸಿಕೆಗೆ ಶಾಖ ತಗುಲಿದ್ದನ್ನು ತೋರಿಸುತ್ತದೆ; ಹೆಪ್ಪುಗಟ್ಟಿ ಕೆಟ್ಟದ್ದನ್ನು ತೋರಿಸುವುದಿಲ್ಲ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದ ಹೆಪಟೈಟಿಸ್ ಬಿ ಲಸಿಕೆ ಹೆಪ್ಪುಗಟ್ಟಿರಬಹುದೆಂಬ ಅನುಮಾನ ಬಂದರೆ, ಅದೇ ಬ್ಯಾಚಿನ ಇನ್ನೊಂದು ಬಾಟಲಿಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಬೇಕು. ಎರಡನ್ನೂ ಒಟ್ಟಿಗೆ ಕುಲುಕಿ ಪಕ್ಕಪಕ್ಕದಲ್ಲಿಟ್ಟು, ಯಾವುದರ ಗಸಿ ಬೇಗ ತಳ ಸೇರುತ್ತದೆಂದು ನೋಡಬೇಕು. ಅನುಮಾನದ ಬಾಟಲಿಯ ಗಸಿಯೂ ಅಷ್ಟೇ ಬೇಗ ಇಳಿದರೆ ಆ ಲಸಿಕೆಯನ್ನು ಮಗುವಿಗೆ ಕೊಡುವಂತಿಲ್ಲ. ಇದನ್ನು ಬಲ್ಲವರಿಗೆ ಮಂಜೂರಾದ ಹುದ್ದೆ, ಸಂಬಳ ಮತ್ತು ಬಡ್ತಿಯ ದಾರಿ ಎಷ್ಟೋ ದೇಶಗಳಲ್ಲಿ ಇನ್ನೂ ಸಿಕ್ಕಿಲ್ಲ.