ರಾಸ್ಪ್‌ಬೆರಿ ತಂದರೆ ಬೀಜ ಸೋಸಬೇಡಿ

ಕಲಬುರಗಿಯ ದೊಡ್ಡ ಅಂಗಡಿಗಳ ಫ್ರೀಜರ್‌ನಲ್ಲಿ ಹುಡುಕಿದರೆ ಈಗ ರಾಸ್ಪ್‌ಬೆರಿ ಅನ್ನುವ ಪುಟ್ಟ ಕೆಂಪು ಹಣ್ಣಿನ ಪ್ಯಾಕೆಟ್ ಸಿಗುತ್ತದೆ. ರೇಟು ಜಾಸ್ತಿ. ಅಷ್ಟು ದುಡ್ಡು ಕೊಟ್ಟು ತಂದು, ಮಿಕ್ಸಿಗೆ ಹಾಕಿ, ಸಕ್ಕರೆ ಸುರಿದು, ಚಹಾ ಸೋಸುವ ಜರಡಿಯಲ್ಲಿ ಸೋಸಿ ಬೀಜವನ್ನೆಲ್ಲ ಚೆಲ್ಲುವವರನ್ನು ಕಂಡರೆ ಹೊಟ್ಟೆ ಚುರ್ ಅನ್ನುತ್ತದೆ. ಈ ಹಣ್ಣಿನ ದೊಡ್ಡ ಲಾಭ ಇರುವುದೇ ನಾರಿನಲ್ಲಿ. ಆ ನಾರಿನ ಬಹುಪಾಲು ಜರಡಿಯಲ್ಲೇ ಉಳಿಯುತ್ತದೆ.

ಒಂದು ಹಣ್ಣನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಅದು ಒಂದೇ ಹಣ್ಣಲ್ಲ. ಹತ್ತಾರು ಪುಟ್ಟ ಗುಳ್ಳೆಗಳು ಒತ್ತಾಗಿ ಅಂಟಿಕೊಂಡಿವೆ, ಒಂದೊಂದರಲ್ಲೂ ಒಂದು ಗಟ್ಟಿ ಬೀಜ. ನಡುವೆ ಟೊಳ್ಳು, ಯಾಕಂದ್ರೆ ಕೀಳುವಾಗ ಒಳಗಿನ ದಿಂಡು ಗಿಡದಲ್ಲೇ ಉಳಿದುಬಿಡುತ್ತದೆ. ಇದೇ ಆಕಾರದ ಕಪ್ಪು ಹಣ್ಣು ಬ್ಲ್ಯಾಕ್‌ಬೆರಿಯಲ್ಲಿ ಆ ದಿಂಡು ಹಣ್ಣಿನ ಜೊತೆಗೇ ಬರುತ್ತದೆ. ಟೊಳ್ಳು, ಮೇಲೆ ತೆಳು ಸಿಪ್ಪೆ, ಹಾಗಾಗಿ ಬೇಗ ಜಜ್ಜುತ್ತದೆ, ಬೇಗ ಬೂಸ್ಟು ಹಿಡಿಯುತ್ತದೆ. ಗಿಡಕ್ಕೆ ಒಳ್ಳೆ ಚಳಿಗಾಲ ಬೇಕು, ನಮ್ಮ ಬಿಸಿಲಿಗೆ ಅದು ಬಾಳುವುದಿಲ್ಲ. ತಾಜಾ ಹಣ್ಣೇ ಬೇಕು ಅಂತ ಹಟ ಬೇಡ. ಕೊಯ್ದ ಕೂಡಲೇ ಹೆಪ್ಪುಗಟ್ಟಿಸಿದ ಹಣ್ಣಿನಲ್ಲಿ ನಾರು ಎಲ್ಲೂ ಹೋಗುವುದಿಲ್ಲ, ಸಿ ವಿಟಮಿನ್ ಕೂಡ ಬಹುತೇಕ ಉಳಿದಿರುತ್ತದೆ.

100 ಗ್ರಾಂ ರಾಸ್ಪ್‌ಬೆರಿಯಲ್ಲಿ ನಾರು ಸುಮಾರು 6.5 ಗ್ರಾಂ. ಸಕ್ಕರೆ 4.5 ಗ್ರಾಂ ಆಸುಪಾಸು, 52 ಕ್ಯಾಲೊರಿ, ಅಷ್ಟೇ. ಅಷ್ಟೇ ತೂಕದ ಬಾಳೆಹಣ್ಣಿನಲ್ಲಿ ಸಕ್ಕರೆ 12 ಗ್ರಾಂ, ನಾರು 3 ಗ್ರಾಂಗಿಂತ ಕಡಿಮೆ. ಮ್ಯಾಂಗನೀಸ್ ಅನ್ನುವ ಖನಿಜ ಕೂಡ ಚೆನ್ನಾಗಿದೆ. ಇನ್ನು ಇದರಲ್ಲಿರುವ ಎಲಾಜಿಟ್ಯಾನಿನ್ ಅನ್ನುವ ಒಗರು ವಸ್ತುವನ್ನು ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಬೇರೆ ರೂಪಕ್ಕೆ ತರುತ್ತವೆ, ಆದರೆ ಎಲ್ಲರ ಕರುಳಲ್ಲೂ ಈ ಕೆಲಸ ಒಂದೇ ರೀತಿ ಆಗುವುದಿಲ್ಲ. ಅದಕ್ಕೇ ಇದು ಆ ರೋಗ ವಾಸಿ ಮಾಡುತ್ತೆ, ಈ ರೋಗ ವಾಸಿ ಮಾಡುತ್ತೆ ಅನ್ನುವ ಮಾತನ್ನು ನಂಬಬೇಡಿ. ಬರೀ ಸಿ ವಿಟಮಿನ್ ಸಲುವಾಗಿ ಕೊಳ್ಳುವುದಾದರೆ ನಾನಂತೂ ಬೇಡ ಅಂತೀನಿ: ಇದರಲ್ಲಿ 26 ಮಿಲಿಗ್ರಾಂ, ಬೀದರ್ ಸಂತೆಯಲ್ಲಿ ಸಿಗುವ ಪೇರಲಹಣ್ಣಿನಲ್ಲಿ 200 ದಾಟುತ್ತದೆ.

ಅಡುಗೆಮನೆಯಲ್ಲಿ ಇದಕ್ಕೆ ಒಳ್ಳೆ ಜೊತೆ ಗಟ್ಟಿ ಮೊಸರು. ಫ್ರೀಜರ್‌ನಿಂದ ತೆಗೆದ ಹಣ್ಣು ಕರಗಿದ ಮೇಲೆ ಮೆತ್ತಗಾಗಿ ಕುಸಿಯುತ್ತದೆ, ಒಳಗಿನ ಮಂಜಿನ ಹರಳು ಹಣ್ಣಿನ ಜೀವಕೋಶಗಳ ಗೋಡೆ ಹರಿದಿರುತ್ತದೆ. ಆ ಕೆಂಪು ರಸ ಚೆಲ್ಲದೆ ಶ್ರೀಖಂಡಕ್ಕೆ ಬೀಜಸಮೇತ ಕಲಸಿ, ಹುಳಿ ಸಿಹಿ ಎರಡೂ ಹದವಾಗಿ ಬರುತ್ತವೆ. ಬಿಸಿ ಹಾಲಿಗೆ ಮಾತ್ರ ಹಾಕಬೇಡಿ, ಹುಳಿಗೆ ಒಡೆಯುತ್ತದೆ. ಸ್ವಲ್ಪ ಬೆಲ್ಲ, ಒಣಮೆಣಸಿನಕಾಯಿ, ಉಪ್ಪು ಹಾಕಿ ಐದು ನಿಮಿಷ ಕುದಿಸಿದರೆ ಜೋಳದ ರೊಟ್ಟಿಗೆ ಒಳ್ಳೆ ಚಟ್ನಿ. ಕೇಕ್ ಮಾಡುವವರು ಅಡುಗೆ ಸೋಡಾ ಜಾಸ್ತಿ ಹಾಕಿದರೆ ಹಣ್ಣಿನ ಸುತ್ತ ನೀಲಿ ಕಲೆ ಏಳುತ್ತದೆ. ಕೆಟ್ಟಿದೆ ಅಂದುಕೊಂಡು ಎಸೆಯಬೇಡಿ. ಹಣ್ಣಿನ ಕೆಂಪು ಬಣ್ಣ ಹುಳಿಯಲ್ಲಿ ಕೆಂಪಾಗಿಯೇ ಇರುತ್ತದೆ, ಸೋಡಾ ತಾಗಿದರೆ ನೀಲಿಗೆ ತಿರುಗುತ್ತದೆ. ಮುಂದಿನ ಸಲ ಸೋಡಾ ಕಡಿಮೆ ಮಾಡಿ, ಹಿಟ್ಟಿಗೆ ಒಂದು ಚಮಚ ಮೊಸರು ಜಾಸ್ತಿ ಹಾಕಿ.