‘ಬ್ಯಾಡ್ಜ್ ಇಲ್ಲ’ ಎಂಬ ತಕರಾರು: ಡಿಎಲ್ ಮತ್ತು ವಿಮೆಯ ನಡುವಿನ ಹಳೆಯ ವ್ಯಾಜ್ಯ

ಗೂಡ್ಸ್ ಗಾಡಿ ಗುದ್ದಿ ಯಾರಾದರೂ ತೀರಿಕೊಂಡು, ಮನೆಯವರು ಪರಿಹಾರ ಕೇಳಿ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋದರೆ, ವಿಮಾ ಕಂಪನಿಯ ವಕೀಲರು ಮೊದಲು ತರಿಸಿ ನೋಡುವುದು ಡ್ರೈವರ್‌ನ ಡಿಎಲ್. ಅದರಲ್ಲಿ ಎಲ್‌ಎಂವಿ (ಲಘು ಮೋಟಾರು ವಾಹನ) ಎಂದಷ್ಟೇ ಇದ್ದು ಟ್ರಾನ್ಸ್‌ಪೋರ್ಟ್ (ಸರಕನ್ನು ಅಥವಾ ಬಾಡಿಗೆಗೆ ಜನರನ್ನು ಸಾಗಿಸುವ ವಾಹನ) ಎಂದು ನಮೂದಾಗಿರದಿದ್ದರೆ ತಕರಾರು ಸಿದ್ಧವಾಗಿರುತ್ತಿತ್ತು: ಬ್ಯಾಡ್ಜ್, ಅಂದರೆ ಆ ನಮೂದು, ಇಲ್ಲ, ಪಾಲಿಸಿಯ ಷರತ್ತು ಮುರಿದಿದೆ, ಹಣ ನಾವು ಕೊಡಬೇಕಿಲ್ಲ. ಸತ್ತವರಿಗೂ ಆ ಡಿಎಲ್‌ಗೂ ಯಾವ ಸಂಬಂಧವೂ ಇಲ್ಲ. ಆದರೂ ಪರಿಹಾರ ಅಲ್ಲಿಗೇ ನಿಲ್ಲುತ್ತಿತ್ತು.

ಮೂರನೆಯವರ ರಕ್ಷಣೆಗೆ ವಿಮೆ ಕಡ್ಡಾಯವಾದದ್ದು 1939ರ ಮೋಟಾರು ವಾಹನ ಕಾಯ್ದೆಯಿಂದ. ಆ ಭಾಗ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಗಾಡಿಯ ಮಾಲೀಕ ಬಡವನಾದರೂ ಗಾಯಗೊಂಡವನಿಗೆ ಹಣ ಸಿಗಬೇಕು ಎಂಬುದೇ ಅದರ ಉದ್ದೇಶ. ಆದರೆ ಅದೇ ಕಾಯ್ದೆ ಕಂಪನಿಗೆ ಕೆಲವು ರಕ್ಷಣೆಗಳನ್ನೂ ಕೊಟ್ಟಿತು. ಸರಿಯಾದ ಲೈಸೆನ್ಸ್ ಇಲ್ಲದವನು ಗಾಡಿ ಓಡಿಸಿದ್ದ ಎಂಬುದು ಅವುಗಳಲ್ಲಿ ಒಂದು. 1988ರ ಕಾಯ್ದೆಯಲ್ಲಿ ಇದು 149ನೇ ಕಲಂ ಆಯಿತು, 2019ರ ತಿದ್ದುಪಡಿಯ ನಂತರ 150ನೇ ಕಲಂ.

ಗೊಂದಲದ ಬೇರು 1994ರ ತಿದ್ದುಪಡಿಯಲ್ಲಿದೆ. ಅದಕ್ಕೂ ಮೊದಲು, ಲೈಸೆನ್ಸ್‌ನ ವರ್ಗಗಳನ್ನು ಹೇಳುವ 10ನೇ ಕಲಂನಲ್ಲಿ ಮಧ್ಯಮ ಸರಕು, ಮಧ್ಯಮ ಪ್ರಯಾಣಿಕ, ಭಾರೀ ಸರಕು, ಭಾರೀ ಪ್ರಯಾಣಿಕ ಎಂದು ನಾಲ್ಕು ವರ್ಗಗಳಿದ್ದವು. ತಿದ್ದುಪಡಿ ಆ ನಾಲ್ಕನ್ನೂ ತೆಗೆದು ‘ಟ್ರಾನ್ಸ್‌ಪೋರ್ಟ್ ವಾಹನ’ ಎಂಬ ಒಂದೇ ವರ್ಗವನ್ನು ಇಟ್ಟಿತು. ಲಘು ವಾಹನದ ವರ್ಗವನ್ನು ಮಾತ್ರ ಮುಟ್ಟಲಿಲ್ಲ. ಇತ್ತ ಲಘು ವಾಹನದ ವ್ಯಾಖ್ಯೆಯೊಳಗೆ 7,500 ಕೆ.ಜಿ. ಮೀರದ ಟ್ರಾನ್ಸ್‌ಪೋರ್ಟ್ ವಾಹನವೂ ಸೇರಿತ್ತು. ಹಾಗಾದರೆ ಟಾಟಾ ಏಸ್‌ನಂಥ ಚಿಕ್ಕ ಗಾಡಿ ಯಾವ ವರ್ಗಕ್ಕೆ ಸೇರಬೇಕು? ಸಂಸತ್ತು ಬಿಡಿಸಿ ಹೇಳದ ಈ ಪ್ರಶ್ನೆಯ ಭಾರವನ್ನು ದಶಕಗಟ್ಟಲೆ ಹೊತ್ತವರು ಗಂಡನನ್ನೋ ಮಗನನ್ನೋ ಕಳೆದುಕೊಂಡವರು. ನನ್ನ ಮಟ್ಟಿಗೆ ಈ ಇತಿಹಾಸದಲ್ಲಿ ಅತ್ಯಂತ ಅನ್ಯಾಯದ ಸಂಗತಿ ಇದೇ.

ಕೋರ್ಟುಗಳು ದಾರಿ ಹುಡುಕುತ್ತಲೇ ಬಂದವು. 1987ರ ಸ್ಕ್ಯಾಂಡಿಯಾ ಪ್ರಕರಣದಲ್ಲಿ ಲಾರಿಯ ಎಂಜಿನ್ ಚಾಲೂ ಇಟ್ಟು ಡ್ರೈವರ್ ಇಳಿದಿದ್ದಾಗ ಕ್ಲೀನರ್ ಗಾಡಿ ಓಡಿಸಿ ಅಪಘಾತ ಮಾಡಿದ್ದ. ಲೈಸೆನ್ಸ್ ಇದ್ದ ಡ್ರೈವರ್‌ನನ್ನೇ ಮಾಲೀಕ ನೇಮಿಸಿದ್ದರಿಂದ ಷರತ್ತು ಮುರಿದದ್ದು ಆತನಲ್ಲ ಎಂದು ಸುಪ್ರೀಂ ಕೋರ್ಟ್ ಕಂಪನಿಯ ಮೇಲೆಯೇ ಹೊಣೆ ಹೊರಿಸಿತು. 2004ರ ಸ್ವರಣ್ ಸಿಂಗ್ ತೀರ್ಪು ಇನ್ನೂ ಮುಂದೆ ಹೋಯಿತು. ಲೈಸೆನ್ಸ್‌ನಲ್ಲಿ ಲೋಪವಿದೆ ಎಂದು ತೋರಿಸಿದರಷ್ಟೇ ಸಾಲದು, ಮಾಲೀಕನ ನಿರ್ಲಕ್ಷ್ಯವನ್ನೂ ಕಂಪನಿಯೇ ಸಾಬೀತು ಮಾಡಬೇಕು, ಆ ಲೋಪ ಅಪಘಾತಕ್ಕೆ ಕಾರಣವಾಗುವಷ್ಟು ಮೂಲಭೂತವಾಗಿರಬೇಕು ಎಂದಿತು. ಮೊದಲು ಸಂತ್ರಸ್ತರಿಗೆ ಹಣ ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೋ ಎನ್ನುವ ಕ್ರಮವೂ ಈ ತೀರ್ಪಿನಿಂದ ಗಟ್ಟಿಯಾಯಿತು. ವಕೀಲರು ಇವತ್ತಿಗೂ ಅದನ್ನು ‘ಪೇ ಅಂಡ್ ರಿಕವರ್’ ಎಂದೇ ಕರೆಯುತ್ತಾರೆ.

ಆದರೆ ಎಲ್‌ಎಂವಿ ಪ್ರಶ್ನೆ ಬಗೆಹರಿಯಲಿಲ್ಲ. ಕರ್ನಾಟಕದಿಂದ ಹೋದ, ಮೆಟಡೋರ್ ವ್ಯಾನ್‌ಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್, ಲೈಸೆನ್ಸ್ ಅರ್ಜಿ ನಮೂನೆ 2001ರ ಮಾರ್ಚ್ 28ರಂದು ಬದಲಾಗುವ ಮುಂಚೆ ಎಲ್‌ಎಂವಿ ಲೈಸೆನ್ಸ್‌ಗೆ ಲಘು ಸರಕು ವಾಹನವೂ ಒಳಪಟ್ಟಿತ್ತು ಎಂದು ಹೇಳಿತು. ಅಂದರೆ ಅಪಘಾತ ಯಾವ ದಿನ ಆಯಿತು ಎಂಬುದರ ಮೇಲೆ ಒಂದು ಕುಟುಂಬದ ಪರಿಹಾರ ನಿಂತಿತ್ತು! 2017ರ ಜುಲೈ 3ರಂದು ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, 7,500 ಕೆ.ಜಿ.ಯೊಳಗಿನ ಟ್ರಾನ್ಸ್‌ಪೋರ್ಟ್ ವಾಹನಕ್ಕೆ ಎಲ್‌ಎಂವಿ ಲೈಸೆನ್ಸೇ ಸಾಕು ಎಂದಿತು. ಮರುವರ್ಷ ಕೇಂದ್ರ ಸರ್ಕಾರ ಅದನ್ನು ಪಾಲಿಸುವಂತೆ ರಾಜ್ಯಗಳಿಗೆ ಬರೆಯಿತು. ಕಂಪನಿಗಳು ಒಪ್ಪಲಿಲ್ಲ. ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ ಬೇರೆ ವಯಸ್ಸು, ಒಂದು ವರ್ಷದ ಅನುಭವ, ವೈದ್ಯಕೀಯ ಪ್ರಮಾಣಪತ್ರ ಬೇಕು, ಇವನ್ನೆಲ್ಲ ತೀರ್ಪು ಗಮನಿಸಿಲ್ಲ ಎಂಬುದು ಅವುಗಳ ವಾದ. ವಾದದಲ್ಲಿ ಹುರುಳಿಲ್ಲದೇ ಇರಲಿಲ್ಲ. 2022ರಲ್ಲಿ ವಿಷಯ ಸಂವಿಧಾನ ಪೀಠಕ್ಕೆ ಹೋಯಿತು.

2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ 2017ರ ನಿಲುವನ್ನು ಎತ್ತಿಹಿಡಿದರು. ತೀರ್ಪು ಬರೆದವರು ನ್ಯಾಯಮೂರ್ತಿ ಹೃಷಿಕೇಶ್ ರಾಯ್. ಒಟ್ಟು ತೂಕ 7,500 ಕೆ.ಜಿ. ಮೀರದ ಗಾಡಿಗೆ ಪ್ರತ್ಯೇಕ ನಮೂದು ಬೇಡ, ಹೆಚ್ಚುವರಿ ಅರ್ಹತೆಗಳು ಅದಕ್ಕಿಂತ ದೊಡ್ಡ ವಾಹನಗಳಿಗೆ ಮಾತ್ರ. ಎಲ್‌ಎಂವಿ ಡ್ರೈವರ್‌ಗಳು ಇಂಥ ಗಾಡಿ ಓಡಿಸುವುದರಿಂದಲೇ ಅಪಘಾತ ಹೆಚ್ಚುತ್ತಿದೆ ಎನ್ನಲು ಯಾವ ಅಂಕಿ ಅಂಶವನ್ನೂ ಯಾರೂ ಮುಂದಿಟ್ಟಿಲ್ಲ ಎಂಬುದನ್ನೂ ಪೀಠ ದಾಖಲಿಸಿತು. ಅಪಾಯಕಾರಿ ಸರಕು ಸಾಗಿಸುವ ವಾಹನ, ಇ-ರಿಕ್ಷಾಗಳ ವಿಶೇಷ ನಿಯಮಗಳು ಹಾಗೇ ಉಳಿದವು.

ದೊಡ್ಡ ಲಾರಿ, ಅವಧಿ ಮುಗಿದ ಡಿಎಲ್, ನಕಲಿ ಡಿಎಲ್‌ಗಳ ವ್ಯಾಜ್ಯ ಮುಗಿದಿಲ್ಲ. ಅಲ್ಲೂ ಸಾಮಾನ್ಯವಾಗಿ ಸಂತ್ರಸ್ತರಿಗೆ ಕಂಪನಿಯಿಂದ ಹಣ ಸಿಗುತ್ತದೆ. ಆಮೇಲೆ ವಸೂಲಿ ಬಂದು ನಿಲ್ಲುವುದು ಮಾಲೀಕನ ಬಾಗಿಲಲ್ಲಿ, ಸಾಲ ಮಾಡಿ ಒಂದೇ ಗಾಡಿ ಇಟ್ಟುಕೊಂಡವನಾದರೂ ಸರಿ. ಪಾಲಿಸಿ ಮಾಡಿಸುವ ದಿನ ಏಜೆಂಟ್ ಆರ್‌ಸಿ ಕೇಳುತ್ತಾನೆ, ಹಳೆಯ ಪಾಲಿಸಿ ಕೇಳುತ್ತಾನೆ. ಗಾಡಿ ಓಡಿಸುವವನ ಡಿಎಲ್ ಕೇಳುವುದು ವಿರಳ.