ಉಪವಾಸ, ಕ್ಯಾನ್ಸರ್ ಮತ್ತು ಬಂದ್ ದಿನದ ಅಂಗಡಿ

ಪರೀಕ್ಷೆಗೆಂದು ಉಪವಾಸ ಮತ್ತು ಕ್ಯಾನ್ಸರ್ ಪಾಠ ಓದುವಾಗ ನನ್ನ ಟಿಪ್ಪಣಿಯ ಮೊದಲ ಸಾಲು ಹೀಗಿತ್ತು: ‘ಉಪವಾಸ ಮಾಡಿದರೆ ಕ್ಯಾನ್ಸರ್ ಕೋಶ ಹಸಿದು ಸಾಯುತ್ತದೆ.’ ಎರಡು ದಿನ ಬಿಟ್ಟು ಅದನ್ನು ಹೊಡೆದುಹಾಕಿದೆ.

ಆ ಸಾಲಿನ ಮೂಲ ಸಕ್ಕರೆಯ ಕಥೆ. 1920ರ ದಶಕದಲ್ಲಿ ಜರ್ಮನಿಯ ಒಟ್ಟೊ ವಾರ್ಬರ್ಗ್ ಒಂದು ವಿಚಿತ್ರ ಗಮನಿಸಿದರು. ಆಮ್ಲಜನಕ ಬೇಕಾದಷ್ಟಿದ್ದರೂ ಕ್ಯಾನ್ಸರ್ ಕೋಶ ಗ್ಲೂಕೋಸನ್ನು ಪೂರ್ತಿ ಉರಿಸುವುದಿಲ್ಲ. ಹೆಚ್ಚಿನದನ್ನು ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲ ಮಾಡಿ ಬಿಡುತ್ತದೆ. ಹಾಗಾಗಿ ಅದಕ್ಕೆ ಗ್ಲೂಕೋಸ್ ಜಾಸ್ತಿ ಬೇಕು. ಗಡ್ಡೆ ಎಲ್ಲಿದೆ ಎಂದು ಹುಡುಕುವ ಪೆಟ್ ಸ್ಕ್ಯಾನ್ ನಿಂತಿರುವುದೇ ಇದರ ಮೇಲೆ. ರೋಗಿಯನ್ನು ಕೆಲವು ಗಂಟೆ ಖಾಲಿ ಹೊಟ್ಟೆಯಲ್ಲಿರಿಸಿ, ವಿಕಿರಣ ಸೂಸುವ ಸಕ್ಕರೆಯಂಥ ವಸ್ತುವನ್ನು ಚುಚ್ಚುತ್ತಾರೆ. ಗಡ್ಡೆ ಅದನ್ನು ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತದೆ.

ಖಾಲಿ ಹೊಟ್ಟೆಯಲ್ಲೂ ಹೊಳೆಯುತ್ತದೆ, ಅಲ್ವಾ? ನನ್ನ ಸಾಲು ಬಿದ್ದುಹೋಗಿದ್ದು ಇಲ್ಲೇ. ಊಟ ಬಿಟ್ಟರೆ ರಕ್ತದ ಸಕ್ಕರೆ ಇಳಿಯುತ್ತದೆ, ಸೊನ್ನೆ ಆಗುವುದಿಲ್ಲ. ಲಿವರ್ ಮೊದಲು ತಾನು ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನನ್ನು ಖರ್ಚು ಮಾಡುತ್ತದೆ. ಅದು ಮುಗಿದರೆ ಸ್ನಾಯುವಿನ ಪ್ರೋಟೀನಿನಿಂದಲೂ ಗ್ಲೂಕೋಸ್ ತಯಾರಿಸುತ್ತದೆ.

ಹಾಗಾದರೆ ಬದಲಾಗುವುದೇನು? ಕೋಶಗಳಿಗೆ ಹೋಗುವ ಸುದ್ದಿ. ‘ಊಟ ಬಂದಿದೆ, ಬೆಳೆಯಿರಿ’ ಎಂದು ಹೇಳುವ ಇನ್ಸುಲಿನ್ ಮತ್ತು ಐಜಿಎಫ್-1 ಹಾರ್ಮೋನುಗಳು ಉಪವಾಸದಲ್ಲಿ ತಗ್ಗುತ್ತವೆ. ಒಳ್ಳೆಯ ಕೋಶ ಇದನ್ನು ಕೇಳಿ ಬೆಳವಣಿಗೆ ನಿಲ್ಲಿಸಿ ರಿಪೇರಿಗೆ ಕೂರುತ್ತದೆ. ಕ್ಯಾನ್ಸರ್ ಕೋಶದಲ್ಲೋ, ಬೆಳವಣಿಗೆಯನ್ನು ನಿಯಂತ್ರಿಸುವ ರಾಸ್ ಥರದ ಜೀನ್ ಕೆಟ್ಟು ‘ಬೆಳೆ’ ಎನ್ನುವ ಸ್ವಿಚ್ ಆನ್ ಆಗಿಯೇ ಕಚ್ಚಿಕೊಂಡಿರಬಹುದು. ಬಂದ್ ದಿನ ನೆನೆಸಿಕೊಳ್ಳಿ. ಎಲ್ಲರೂ ಶಟರ್ ಎಳೆದಿದ್ದಾರೆ, ಒಬ್ಬ ಮಾತ್ರ ವ್ಯಾಪಾರ ಮಾಡುತ್ತಿದ್ದಾನೆ. ಕಲ್ಲು ಬೀಳುವುದು ಯಾರಿಗೆ? ಕೀಮೊ ಔಷಧಿಗಳಲ್ಲಿ ಹಲವು ಆ ಕಲ್ಲಿನ ಹಾಗೆ, ವಿಭಜನೆಯಲ್ಲಿ ತೊಡಗಿದ ಕೋಶಗಳನ್ನು ಹೊಡೆಯುತ್ತವೆ. ಕೂದಲಿನ ಬುಡ, ಬಾಯಿಯ ಕೋಶಗಳೂ ಬೇಗ ಬೇಗ ವಿಭಜನೆಯಾಗುವಂಥವು. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಇದಕ್ಕೇ.

ಅಂದರೆ ಉಪವಾಸ ಇಲ್ಲಿ ಕಲ್ಲಲ್ಲ, ಬರೀ ಬಂದ್ ಕರೆ.

2008ರಲ್ಲಿ ಸಂಶೋಧಕ ವಾಲ್ಟರ್ ಲಾಂಗೋ ತಂಡ ಇದನ್ನು ಇಲಿಗಳಲ್ಲಿ ತೋರಿಸಿತು. 48ರಿಂದ 60 ಗಂಟೆ ಉಪವಾಸವಿದ್ದ ಇಲಿಗಳು ಎಟೊಪೊಸೈಡ್ ಎಂಬ ಕೀಮೊ ಔಷಧಿಯ ಭಾರೀ ಡೋಸನ್ನು ಹೆಚ್ಚು ಚೆನ್ನಾಗಿ ತಡೆದುಕೊಂಡವು. ಆದರೆ ಇಲಿಯ ಎರಡು ದಿನ ನಮ್ಮ ಎರಡು ದಿನ ಅಲ್ಲ. ಅಷ್ಟರಲ್ಲಿ ಅದರ ತೂಕ ಸುಮಾರು 20% ಇಳಿಯುತ್ತದೆ. 60 ಕೆಜಿ ಮನುಷ್ಯ 12 ಕೆಜಿ ಕಳೆದುಕೊಂಡ ಲೆಕ್ಕ! ಇನ್ನು ಸಬ್ಬಕ್ಕಿ ಕಿಚಡಿ, ಅವಲಕ್ಕಿ ತಿಂದು ಮಾಡುವ ನಮ್ಮ ಏಕಾದಶಿಯಲ್ಲಿ ಇನ್ಸುಲಿನ್‌ಗೆ ರಜೆ ಸಿಗುವುದೇ ಇಲ್ಲ.

ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ನೆದರ್‌ಲ್ಯಾಂಡ್ಸ್‌ನ ‘ಡೈರೆಕ್ಟ್’ ನೆನಪಿಟ್ಟುಕೊಳ್ಳಿ. ಫಲಿತಾಂಶ ಬಂದದ್ದು 2020ರಲ್ಲಿ. ಸ್ತನ ಕ್ಯಾನ್ಸರ್ ಇದ್ದ 131 ಮಹಿಳೆಯರಲ್ಲಿ ಒಂದು ಗುಂಪಿಗೆ ಕೀಮೊಗೆ ಮುಂಚಿನ ಮೂರು ದಿನ ಮತ್ತು ಕೀಮೊ ದಿನ ವಿಶೇಷ ಊಟ. ಪೂರ್ತಿ ಉಪವಾಸವಲ್ಲ, ಕ್ಯಾಲರಿ, ಪ್ರೋಟೀನ್ ತೀರಾ ಕಡಿಮೆಯಿದ್ದು, ದೇಹಕ್ಕೆ ಉಪವಾಸವೆಂದೇ ಅನಿಸುವಂಥದ್ದು. ಸ್ಕ್ಯಾನ್‌ನಲ್ಲಿ ಗಡ್ಡೆ ಕುಗ್ಗಿದವರು ಈ ಗುಂಪಿನಲ್ಲಿ ಜಾಸ್ತಿ ಇದ್ದರು. ಆದರೆ ಗಡ್ಡೆ ಪೂರ್ತಿ ಮಾಯವಾದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಡ್ಡ ಪರಿಣಾಮವೂ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಹೇಳಿದ ಊಟವನ್ನು ಎಲ್ಲ ಸುತ್ತುಗಳಲ್ಲೂ ಪಾಲಿಸಿದವರು ಐವರಲ್ಲಿ ಒಬ್ಬರಷ್ಟೇ.

ವಾಟ್ಸಾಪ್‌ನಲ್ಲಿ ತಿರುಗುವ ‘ಉಪವಾಸಕ್ಕೆ ನೊಬೆಲ್’ ಮೆಸೇಜನ್ನು ನಂಬಿ ಉತ್ತರ ಬರೆಯಬೇಡಿ. 2016ರಲ್ಲಿ ಜಪಾನಿನ ವಿಜ್ಞಾನಿ ಯೊಶಿನೊರಿ ಒಸುಮಿ ಅವರಿಗೆ ನೊಬೆಲ್ ಬಂದದ್ದು ಆಟೋಫೇಜಿಗೆ, ಅಂದರೆ ಕೋಶ ತನ್ನ ಹಳೆ ಭಾಗಗಳನ್ನು ತಾನೇ ತಿಂದು ಮರುಬಳಸುವ ಕೆಲಸಕ್ಕೆ. ಅವರ ಮುಖ್ಯ ಪ್ರಯೋಗಗಳೆಲ್ಲ ಯೀಸ್ಟ್ ಮೇಲೆ. ಬೆಳೆದ ಗಡ್ಡೆಗೆ ಇದೇ ಆಟೋಫೇಜಿ ಬದುಕುಳಿಯಲು ನೆರವಾಗುವುದೂ ಉಂಟು.

ಇನ್ನೊಂದು ಪದ ಕ್ಯಾಕೆಕ್ಸಿಯಾ. ಕ್ಯಾನ್ಸರ್‌ನಿಂದ ಮಾಂಸಖಂಡ ಕರಗುತ್ತಾ ಹೋಗುವ ಸ್ಥಿತಿ. ಹೆಚ್ಚು ತಿಂದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ, ಊಟ ಬಿಟ್ಟರಂತೂ ಇನ್ನೂ ಕಷ್ಟ. ಸ್ನಾಯುವಿನಿಂದ ಗ್ಲೂಕೋಸ್ ಮಾಡುವ ಲಿವರ್ ನೆನಪಿದೆಯಲ್ಲ? ತೂಕ ಇಳಿಯುತ್ತಿರುವ ರೋಗಿ ಉಪವಾಸ ಕೂತರೆ ಇದ್ದ ಸ್ನಾಯುವೂ ಹೋಗುತ್ತದೆ. ಯುರೋಪಿನ ಪೋಷಣೆ ತಜ್ಞರ ಸಂಸ್ಥೆ ಎಸ್ಪೆನ್ ಕ್ಯಾನ್ಸರ್ ರೋಗಿಗಳಿಗೆ ಹೇಳುವುದು ದಿನಕ್ಕೆ ಕೆಜಿಗೆ 25ರಿಂದ 30 ಕಿಲೊಕ್ಯಾಲರಿ. 60 ಕೆಜಿ ತೂಕದವರಿಗೆ 1500ರಿಂದ 1800.